ಹಗೇವಿಗೆ ಇಳಿಯದ ಮೆಟ್ಟಿಲು

ಶೇಖಮ್ಮ ಬರೆದ ನಕ್ಷೆಗಳಲ್ಲಿ ಯಾವ ಕೋಣೆಗೂ ಒಂದೇ ಬಾಗಿಲು ಇರುತ್ತಿರಲಿಲ್ಲ. ಶಹಾಪುರದ ಎಂಜಿನಿಯರ್ ಚಂದ್ರಾಮಪ್ಪನವರ ಕಚೇರಿಯಲ್ಲಿ ಅವಳು ಬಹಳ ವರ್ಷಗಳಿಂದ ನಕ್ಷೆ ಬರೆಯುವ ಕೆಲಸಕ್ಕಿದ್ದಳು. ಮನೆ ಇರಲಿ, ಅಕ್ಕಿ ಗಿರಣಿ ಇರಲಿ, ಹತ್ತಿಯ ಗೋದಾಮು ಇರಲಿ, ಅವಳ ಪೆನ್ಸಿಲು ಮೊದಲು ಹುಡುಕುತ್ತಿದ್ದುದು ಹೊರಗೆ ಹೋಗುವ ದಾರಿಯನ್ನು. ಒಮ್ಮೆ ಯಾರದೋ ಮನೆಯ ದೇವರ ಕೋಣೆಗೂ ಹಿಂಬಾಗಿಲು ಇಟ್ಟುಬಿಟ್ಟಳು. ಚಂದ್ರಾಮಪ್ಪನವರು ಕನ್ನಡಕವನ್ನು ಹಣೆಗೇರಿಸಿ, "ಏನ್ ಶೇಖಮ್ಮ, ದೇವರು ಓಡಿ ಹೋಗಾಕ ದಾರಿ ಮಾಡೀರೇನು?" ಎಂದು ಕೇಳಿದರು. ಕಚೇರಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಬಾಗಿಲು ಅಳಿಸಿ, ಆ ಜಾಗದಲ್ಲಿ ಆಳೆತ್ತರದ ಕಿಟಕಿ ಬರೆದಳು.

ಕಾರಣವನ್ನು ಅವಳು ಯಾರಿಗೂ ಹೇಳಿದವಳಲ್ಲ. ಬಚ್ಚಲಿಗೆ ಹೋದರೆ ಚಿಲಕ ಹಾಕುತ್ತಿರಲಿಲ್ಲ. ಬೇಸಿಗೆಯಲ್ಲಷ್ಟೇ ಅಲ್ಲ, ಚಳಿಯಲ್ಲೂ ಅಂಗಳಕ್ಕೆ ಹಾಸಿಗೆ ಹಾಕುತ್ತಿದ್ದಳು. ಅವಳ ಜೊತೆಗಿದ್ದ ತಾಯಿ ಸುಂದ್ರಮ್ಮ ಏನೂ ಕೇಳದೆ ಮಗಳ ಪಕ್ಕದಲ್ಲೇ ತಾನೂ ಕೌದಿ ಹಾಸಿಕೊಳ್ಳುತ್ತಿದ್ದಳು. ತಾಯಿಗೆ ಎಲ್ಲ ಗೊತ್ತಿತ್ತು. ಆದರೆ ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಅವರ ಊರು ಹುಣಸಗಿಯ ಕಡೆಯದು. ಅಲ್ಲಿ ಆಗೆಲ್ಲ ಜೋಳದ ಹೊಲಗಳು. ಸುಗ್ಗಿ ಮುಗಿದ ಮೇಲೆ ಜೋಳವನ್ನು ತುಂಬಿಡುತ್ತಿದ್ದುದು ಹಗೇವಿನಲ್ಲಿ. ಹಗೇವು ಅಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಹೆಗಲು ಸಣ್ಣದು ಮಾಡಿಕೊಂಡು ಇಳಿಯುವಷ್ಟು, ಒಳಗೆ ಹೊಟ್ಟೆ ಮಾತ್ರ ದೊಡ್ಡ ಗಡಿಗೆಯ ಹಾಗೆ ಅಗಲ. ಸುತ್ತ ಕಣಿಕೆ, ಅಂದರೆ ಒಣಗಿದ ಜೋಳದ ದಂಟು, ಒತ್ತಿ, ಜೋಳ ಸುರಿದು, ಮೇಲೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ಆಮೇಲೆ ಕೆನಾಲು ಬಂತು. ಜನ ಮೊದಲ ನೀರಿಗೆ ಕುಂಕುಮ ಹಾಕಿ ಕೈಮುಗಿದರು. ಹೊಲಗಳು ಹಸಿರಾದವು, ಜೋಳದ ಜಾಗಕ್ಕೆ ಭತ್ತ ಬಂತು. ನೆಲದ ಮೇಲೆ ಹರಿದ ನೀರು ನೆಲದೊಳಗೂ ಇಳಿಯುತ್ತದೆ, ಹಗೇವಿನ ಜೋಳ ಕೊಳೆತು ಒಳಗಿನ ಗಾಳಿ ಕೆಡುತ್ತದೆ ಎಂಬುದು ಮಾತ್ರ ಬೇಗ ಯಾರ ತಲೆಗೂ ಹೊಳೆಯಲಿಲ್ಲ.

ಶೇಖಮ್ಮನಿಗೆ ಆಗ ಒಂಬತ್ತು ವರ್ಷ. ಅಪ್ಪ ವೆಂಕಟಪ್ಪ ಹಿಂದಿನ ವರ್ಷ ತುಂಬಿದ್ದ ಹಗೇವನ್ನು ಬಿಚ್ಚಿದ. ಬಂಡೆ ಸರಿಸಿದ ಕೂಡಲೇ ಹುಳಿ ಹಿಟ್ಟಿನ ವಾಸನೆ ಬಂತು. "ಅಯ್ಯೋ, ಜ್ವಾಳ ನೆನದಾವ" ಎಂದು ಅವಸರದಲ್ಲಿ ಇಳಿದ. ಒಳಗಿನಿಂದ ಒಂದೆರಡು ಮಾತು ಕೇಳಿಸಿದವು. ಆಮೇಲೆ ಕೇಳಿಸಲಿಲ್ಲ. ಕಾಕಾ ಯಂಕಣ್ಣ "ಅಣ್ಣಾ, ಅಣ್ಣಾ" ಎಂದು ಕೂಗುತ್ತ ಅವನ ಹಿಂದೆ ಧುಮುಕಿದ. ಅವನ ಕೂಗೂ ಅರ್ಧಕ್ಕೇ ನಿಂತಿತು. ಸುತ್ತ ನೆರೆದವರಿಗೆ ತಲೆ ಕೆಟ್ಟುಹೋಯಿತು. ಯಾರೋ ಒಬ್ಬರು, "ಕೂಸಿನ್ನ ಇಳಸ್ರಿ, ಹಗುರ ಅದ, ಹಗ್ಗ ಕಟ್ಟಿದ್ರ ಎಳಕೊಬಹುದು" ಅಂದರು. ಅಂದವರು ಯಾರು ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ. ಅವಳ ನಡುವಿಗೆ ಹಗ್ಗ ಬಿತ್ತು. ಕಾಲು, ತೊಡೆ, ಹೊಟ್ಟೆ ಒಂದೊಂದಾಗಿ ಒಳಗೆ ಹೋದವು. ಪಾದಗಳಿಗೆ ಒಳಗಿನ ಗಾಳಿ ಬೆಚ್ಚಗೆ ತಾಗಿತು. ಕಲ್ಲಿನ ಅಂಚು ಪಕ್ಕೆಲುಬಿಗೆ ಒತ್ತಿತು. ಅಷ್ಟರಲ್ಲಿ ಓಣಿಯ ಮುದುಕಿ ಅಂಬವ್ವ ಬಂದು, ಹಗ್ಗ ಹಿಡಿದವನ ಕಪಾಳಕ್ಕೆ ಬಾರಿಸಿ, ಹುಡುಗಿಯ ರೆಟ್ಟೆ ಹಿಡಿದು ಮೇಲೆ ಎಳೆದಳು.

ಸುಂದ್ರಮ್ಮ ಹೊಲದಿಂದ ಬರುವಷ್ಟರಲ್ಲಿ ಎರಡೂ ಹೆಣಗಳನ್ನು ಕೊಕ್ಕೆ ಹಾಕಿ ಎತ್ತಿ, ಕಟ್ಟೆಯ ಮೇಲೆ ಮಲಗಿಸಿದ್ದರು. ಹಗೇವಿಗೆ ಅಂದೇ ಮಣ್ಣು ಬಿತ್ತು.

ಯಾದಗಿರಿ ಹೊಸ ಜಿಲ್ಲೆಯಾದ ಮರುವರ್ಷ ಚಂದ್ರಾಮಪ್ಪನವರು ಒಂದು ಹೊಸ ಕೆಲಸ ತಂದರು. ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ ಒಂದು ವಾಡೆ, ಹಳೆಯ ಕಾಲದ ಕೋಟೆಯಂಥ ಮನೆ. ನಿವೃತ್ತ ಶಿಕ್ಷಕ ಅಮರಪ್ಪ ಮಾಸ್ತರರು ಊರೂರು ತಿರುಗಿ ಕೂಡಿಸಿದ ನೇಗಿಲು, ಕೂರಿಗೆ, ಕತ್ತಿ, ಬೀಗ, ತಾಮ್ರದ ಹಂಡೆಗಳನ್ನೆಲ್ಲ ಅಲ್ಲಿಟ್ಟು ಸಂಗ್ರಹಾಲಯ ಮಾಡಿದ್ದರು. ಬರುವವರು ಹೆಚ್ಚಾಗಿದ್ದರು. ಶಾಲೆಯ ಬಸ್ಸು ಬಂದರೆ ಮಕ್ಕಳು ಬಿಸಿಲಲ್ಲೇ ನಿಲ್ಲಬೇಕು, ಕುಡಿಯಲು ನೀರಿಲ್ಲ, ಹೆಣ್ಣುಮಕ್ಕಳು ಹೋಗಲು ಜಾಗವಿಲ್ಲ. ಟಿಕೆಟ್ ಕೊಡುವ ಒಂದು ಸಣ್ಣ ಖೋಲಿಯೇ ಸಂದರ್ಶಕರ ಕೇಂದ್ರ. ಅದನ್ನು ದೊಡ್ಡದು ಮಾಡಬೇಕಿತ್ತು.

"ಇದನ್ನ ನೀವ ಮಾಡ್ರಿ. ಬರೇ ನಕ್ಷಿ ಅಲ್ಲ, ಪೂರ್ತಿ ವಿಚಾರ ನಿಮ್ದ," ಅಂದರು ಚಂದ್ರಾಮಪ್ಪ.

ಅವಳಿಗೆ ಖುಷಿಯ ಜೊತೆಗೆ ಅಳುಕು ಹುಟ್ಟಿತು. ಇದುವರೆಗೆ ಕಟ್ಟಡ ಸಾಹೇಬರದು, ಗೆರೆ ಅವಳದು. ಈಗ ಜನ ಎಲ್ಲಿ ಒಳಗೆ ಬರಬೇಕು, ಎಲ್ಲಿ ಕೂಡಬೇಕು, ಎಲ್ಲಿ ಹೊರಡಬೇಕು ಎಲ್ಲವೂ ಅವಳ ಕೈಯಲ್ಲಿ. ವಾರಗಟ್ಟಲೆ ವಾಡೆಯ ಅಂಗಳದಲ್ಲಿ ಕೂತು ಬಂದವರನ್ನು ನೋಡಿದಳು. ಮುದುಕರು ಎತ್ತರದ ಹೊಸ್ತಿಲ ಮುಂದೆ ಗೋಡೆ ತಡವುತ್ತಿದ್ದರು. ಕೂಸು ಎತ್ತಿಕೊಂಡ ಹೆಂಗಸರು ಮೊದಲು ನೆರಳು ಹುಡುಕುತ್ತಿದ್ದರು. ಅದಕ್ಕೆ ತಕ್ಕಂತೆ ಬೇವಿನ ಮರ ಉಳಿಸಿಕೊಂಡು ಸುತ್ತ ಕಲ್ಲಿನ ಪಡಸಾಲೆ ಬರೆದಳು. ಮೆಟ್ಟಿಲ ಬದಲು ಇಳಿಜಾರು ಇಟ್ಟಳು. ವಸ್ತುಗಳನ್ನು ತೋರಿಸುವ ದೊಡ್ಡ ಹಾಲಿಗೆ ಮೂರು ಕಡೆ ಬಾಗಿಲು.

ನಕ್ಷೆ ನೋಡಿ ಅಮರಪ್ಪ ಮಾಸ್ತರರು ತಲೆಯಾಡಿಸಿದರು. "ಛಲೋ ಅದ ತಂಗಿ. ಗಾಳಿ ಬೆಳಕು ಬೇಕಾದಷ್ಟು. ಇದರೊಳಗ ಕುಂತ್ರ ಯಾರಿಗೂ ಎದ್ದು ಹೋಗಬೇಕು ಅನ್ಸಾಂಗಿಲ್ಲ."

ಪಾಯ ತೋಡುವ ಕೆಲಸಕ್ಕೆ ಗವಂಡಿ ಲಾಡ್ಲೇಸಾಬ ಬಂದ. ವಾಡೆಯ ಗೋಡೆಗಳ ರಿಪೇರಿಯನ್ನೆಲ್ಲ ಅವನೇ ಮಾಡಿದ್ದು. ಮಾಸ್ತರರ ಹತ್ತಿರ ಓದು ಕಲಿತವನಾದ್ದರಿಂದ ಅವರ ಮೇಲೆ ಅವನಿಗೆ ಜೀವ. ಬೇವಿನ ಮರದಿಂದ ಸ್ವಲ್ಪ ದೂರ ಅವನ ಹಾರೆ 'ಠಣ್' ಎಂದಿತು. ಮಣ್ಣು ಸರಿಸಿದರೆ ದುಂಡನೆಯ ಬಂಡೆ.

"ಮಾಸ್ತರ್ ಸಾಬ್, ಹಗೇವು ಅದ ನೋಡ್ರಿ ಇಲ್ಲಿ!"

ಶೇಖಮ್ಮ ಕೈಯಲ್ಲಿದ್ದ ಅಳತೆಯ ಟೇಪನ್ನು ಬಿಟ್ಟೇಬಿಟ್ಟಳು. ಅದು ಸರ್ರನೆ ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು. ಅಮರಪ್ಪನವರು ಹುಡುಗರ ಹಾಗೆ ಓಡಿ ಬಂದರು. ಅವರ ಕಣ್ಣಲ್ಲಿ ನೀರೇ ಬಂದಿತ್ತು. "ಇಷ್ಟು ದಿನ ಕೂರಿಗಿ ತೋರಿಸಿದ್ವಿ, ನೇಗಿಲ ತೋರಿಸಿದ್ವಿ. ಬೆಳದ ಜ್ವಾಳ ಎಲ್ಲಿ ಇಡ್ತಿದ್ರು ಅನ್ನೂದನ್ನ ತೋರಿಸಾಕ ಏನೂ ಇರಲಿಲ್ಲ. ಕೆನಾಲ್ ಬಂದ ಮ್ಯಾಲ ಎಲ್ಲಾ ಮುಚ್ಚಿಬಿಟ್ರು. ಈಗಿನ ಹುಡುಗರು ಇದರ ಹೆಸರೂ ಕೇಳಿಲ್ಲ. ತಂಗೀ, ನಿನ್ನ ಕೇಂದ್ರದ ನಡುಮಧ್ಯ ಇದ ಇರಬೇಕು. ಕೆಳಗ ಮೆಟ್ಟಲ ಮಾಡು. ಮಕ್ಕಳು ಇಳದು ನೋಡ್ಲಿ."

"ಹೂಂ ರಿ" ಅಂದಳು.

ಲಾಡ್ಲೇಸಾಬ ತಿಳಿದವನು. ಬಂಡೆ ಸರಿಸಿ ಎರಡು ದಿನ ಹಾಗೇ ಗಾಳಿಗೆ ಬಿಟ್ಟ. ಆಮೇಲೆ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸಿದ. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲ ಎಂದು ಲೆಕ್ಕ. ಶೇಖಮ್ಮ ಹಳೆಯ ವಾಡೆಯ ಪಡಸಾಲೆಯ ಕಂಬ ಹಿಡಿದು ನಿಂತಿದ್ದಳು. ದೀಪ ಆರಲಿಲ್ಲ. ಮೊದಲು ಲಾಡ್ಲೇಸಾಬ ಇಳಿದ, ಆಮೇಲೆ ಮಾಸ್ತರರು, ಮರುದಿನ ಶಹಾಪುರದಿಂದ ಬಂದ ಚಂದ್ರಾಮಪ್ಪನವರೂ ಹೊಟ್ಟೆ ಎಳೆದುಕೊಂಡು ಇಳಿದು ಬಂದರು. ಒಳಗಿನ ಗೋಡೆ ಗಟ್ಟಿಯಾಗಿದೆ, ತಳದಲ್ಲಿ ಮಾತ್ರ ಕೊಳೆತ ಕಣಿಕೆ, ಒಂದಿಷ್ಟು ಹಳೆಯ ಜೋಳ, ಸ್ವಲ್ಪ ಪಸೆ ಎಂದರು. ಎಲ್ಲರ ತಲೆಯ ಮೇಲೆ ಜೇಡರ ಬಲೆ. ಎಲ್ಲರೂ ನಗುತ್ತಿದ್ದರು.

"ಇನ್ನ ನೀವು ಇಳದು ಅಳತಿ ತಗೋರಿ," ಅಂದರು ಚಂದ್ರಾಮಪ್ಪ.

"ನಾಳೆ ತಗೋತೀನ್ರಿ ಸರ್."

ಆ ನಾಳೆ ಬರಲಿಲ್ಲ. ಒಂದು ದಿನ ಜ್ವರ ಎಂದಳು, ಒಂದು ದಿನ ಬಸ್ಸು ತಪ್ಪಿತು ಎಂದಳು. ಲಾಡ್ಲೇಸಾಬನಿಂದ ಒಳಗಿನ ಅಳತೆ ಕೂಗಿಸಿಕೊಂಡು ಮೇಲೆ ಕೂತು ಬರೆದುಕೊಂಡಳು. ಕಚೇರಿಯಲ್ಲಿ ಮೆಟ್ಟಿಲು ಬರೆಯಲು ಕೂತಳು. ಮೇಲಿಂದ ಮೂರ್ನಾಲ್ಕು ಮೆಟ್ಟಿಲು ಬರೆಯುವಷ್ಟರಲ್ಲಿ ಪೆನ್ಸಿಲು ನಿಲ್ಲುತ್ತಿತ್ತು. ಮೆಟ್ಟಿಲ ಮೇಲೆ ಸಾಲಾಗಿ ಮಕ್ಕಳು ಕಾಣಿಸುತ್ತಿದ್ದರು. ಹಿಂದಿನವರು ತಳ್ಳುತ್ತಾರೆ, ಮುಂದಿನವರು ಒಳಗೆ ಹೋಗುತ್ತಾರೆ, ಹೋದವರ ಸದ್ದಿಲ್ಲ. ಹಾಳೆ ಹರಿದು ಹಾಕಿದಳು. ಮತ್ತೆ ಬರೆದಳು, ಮತ್ತೆ ಹರಿದಳು. ಇಷ್ಟು ವರ್ಷ ಎಲ್ಲರಿಗೂ ಹೊರದಾರಿ ಬರೆದುಕೊಟ್ಟವಳ ಕೈಯಿಂದಲೇ ಆ ಬಾಯಿಗೆ ದಾರಿ ಮಾಡಿಸುತ್ತಿದ್ದರು. ಆಗುವುದಿಲ್ಲ ಎಂದು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಹೊರಟರೆ ಅಪ್ಪನ ಅರ್ಧಕ್ಕೆ ನಿಂತ ಮಾತು ಕಿವಿಯಲ್ಲಿ ಶುರುವಾಗುತ್ತದೆ.

ಅವಳು ಹಟ ಹಿಡಿದದ್ದು ಒಂದೇ ಒಂದಕ್ಕೆ. ಯಾರೇ ಇಳಿದರೂ ನಡುವಿಗೆ ಹಗ್ಗ ಕಟ್ಟಿಕೊಳ್ಳಬೇಕು, ಮೇಲೆ ಅದನ್ನು ಹಿಡಿದು ಒಬ್ಬರು ನಿಲ್ಲಬೇಕು. ಕೂಲಿಯವರು ಮುಸಿಮುಸಿ ನಕ್ಕರು. ಮಾಸ್ತರರು, "ತಂಗಿ ಹೇಳ್ಯಾಳ, ಕಟ್ಟೋಣ ಬಿಡ್ರಿ. ಎತ್ತು ಆದ್ವಿ ಅಂದುಕೊಂಡ್ರಾತು," ಎಂದು ತಾವೇ ಮೊದಲು ಕಟ್ಟಿಕೊಂಡರು.

ಮಳೆ ಹಿಡಿಯಿತು. ನೀರು ಒಳಗೆ ಬೀಳದಿರಲೆಂದು ಹಗೇವಿಗೆ ತಾಡಪತ್ರಿ ಹೊದಿಸಿ ಬಂಡೆ ಮುಚ್ಚಿದರು. ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಶೇಖಮ್ಮ ಬಂದಾಗ ಬಂಡೆ ಆಗಲೇ ಸರಿದಿತ್ತು, ನಿಚ್ಚಣಿಕೆ ಇಳಿದಿತ್ತು. ಗಾಜಿನ ಡಬ್ಬಿಯಲ್ಲಿಟ್ಟು ತೋರಿಸಲು ತಳದಿಂದ ಒಂದು ಹಿಡಿ ಹಳೆಯ ಜೋಳ ತರುತ್ತೇನೆಂದು ಅಮರಪ್ಪನವರು ಹಗ್ಗ ಕಟ್ಟಿಕೊಳ್ಳುತ್ತಿದ್ದರು. ಇಬ್ಬರು ಕೂಲಿಯವರು ಅದರ ತುದಿ ಹಿಡಿದಿದ್ದರು, ಲಾಡ್ಲೇಸಾಬ ಪಕ್ಕದಲ್ಲಿ ಸುಣ್ಣ ಕಲೆಸುತ್ತಿದ್ದ.

"ಮಾಸ್ತರ್ರ, ಕಂದೀಲು ಇಳಿಸಿ ನೋಡೀರೇನ್ರಿ?" ದೂರದಿಂದಲೇ ಕೇಳಿದಳು.

"ಅಯ್ಯ, ನಮ್ಮ ಮನಿ ಆಗ್ಯಾದ ಇದು. ಎಷ್ಟು ಸಲ ಇಳದೀವಿ. ಹಿಂಗ ಹೋಗಿ ಹಂಗ ಬಂದೆ."

ಬೇಡ ಎಂದು ಕೂಗಬೇಕೆಂದುಕೊಂಡಳು. ಅಷ್ಟರಲ್ಲಿ ಅವರ ಬಿಳಿ ಟೋಪಿ ನೆಲದೊಳಗೆ ಇಳಿದುಹೋಯಿತು. ಗಾಳಿ ಈ ಕಡೆ ತಿರುಗಿತು. ಹುಳಿ ಹಿಟ್ಟಿನ ವಾಸನೆ.

ಒಳಗಿನಿಂದ ಮಾತು ಬಂತು, ಗಡಿಗೆಯಲ್ಲಿ ಮಾತಾಡಿದ ಹಾಗೆ. "ತಂಗೀ, ಜ್ವಾಳ ಇನ್ನೂ ಕಾಳು ಕಾಳು ಹಂಗ..."

ಅಲ್ಲಿಗೆ ನಿಂತಿತು.

ಅವಳು ಕಾದಳು. ಇನ್ನೊಂದು ಶಬ್ದ ಬರಬೇಕು. ಬರಲಿಲ್ಲ. ಬೇವಿನ ಮರದಲ್ಲಿ ಅಳಿಲು ಕೂಗುವುದು ಕೇಳಿಸುತ್ತಿತ್ತು, ರಸ್ತೆಯ ಟಂಟಂ ಆಟೋದ ಸದ್ದು ಕೇಳಿಸುತ್ತಿತ್ತು. ಆ ಬಾಯಿಯೊಂದರಿಂದ ಏನೂ ಇಲ್ಲ. ಒಂಬತ್ತು ವರ್ಷದವಳಿದ್ದಾಗ ಕೇಳಿದ ಮೌನ ಅದೇ, ಎಳ್ಳಷ್ಟೂ ಬೇರೆಯಲ್ಲ.

"ಮಾಸ್ತರ್ ಸಾಬ್!" ಲಾಡ್ಲೇಸಾಬ ಚಪ್ಪಲಿ ಕಳಚಿ ಎಸೆದು ನಿಚ್ಚಣಿಕೆಗೆ ಕಾಲು ಹಾಕಿದ.

ಹೇಗೆ ಓಡಿ ಬಂದಳೋ ಅವಳಿಗೇ ಗೊತ್ತಿಲ್ಲ. ಅವನ ಅಂಗಿಯ ಬೆನ್ನು ಹಿಡಿದು ಜಗ್ಗಿದಳು. "ಇಳೀಬ್ಯಾಡ! ಇಳೀಬ್ಯಾಡ ಲಾಡ್ಲೇಸಾಬ!"

"ಬಿಡ್ರಿ ಮೇಡಂ! ಸಾಯಾಕತ್ತಾರ ಅವರು!"

"ನೀನೂ ಸಾಯ್ತಿ! ನಮ್ಮಪ್ಪ ಹಿಂಗ ಹೋದ. ಅವನ್ನ ತರಾಕ ಹೋಗಿ ನಮ್ಮ ಕಾಕಾ ಹೋದ. ಒಳಗ ಗಾಳಿ ಇಲ್ಲ! ಹಗ್ಗ ಜಗ್ಗು, ಹಗ್ಗ!"

ಅವಳ ದನಿ ಕೇಳಿ ಅವನು ನಿಂತ. ಕೂಲಿಯವರ ಜೊತೆ ಹಗ್ಗಕ್ಕೆ ಕೈ ಹಾಕಿದ. ಭಾರ ಮೇಲೆ ಬಂತು, ಬಂತು, ಬಾಯಿಯ ಹತ್ತಿರ ಬಂದು ಸಿಕ್ಕಿಕೊಂಡಿತು. ಎಷ್ಟು ಜಗ್ಗಿದರೂ ಜಪ್ಪಯ್ಯ ಅನ್ನಲಿಲ್ಲ. ಶೇಖಮ್ಮ ಬಗ್ಗಿ ನೋಡಿದಳು. ಮಾಸ್ತರರ ತೋಳು ನಿಚ್ಚಣಿಕೆಯ ಮೆಟ್ಟಿಲುಗಳ ನಡುವೆ ತೂರಿ ತಿರುಚಿಕೊಂಡಿತ್ತು. ಮುಖ ಅತ್ತ ವಾಲಿತ್ತು. ನಿಚ್ಚಣಿಕೆ ಎತ್ತಿದರೆ ತೋಳು ಮುರಿಯುತ್ತದೆ, ಎತ್ತದಿದ್ದರೆ ಮನುಷ್ಯ ಬರುವುದಿಲ್ಲ. ಯಾರಾದರೂ ತಲೆಕೆಳಗಾಗಿ ಒಳಗೆ ಬಗ್ಗಿ ಬಿಡಿಸಬೇಕು. ನಿಚ್ಚಣಿಕೆಯ ಪಕ್ಕದಲ್ಲಿ ಉಳಿದ ಜಾಗದಲ್ಲಿ ಲಾಡ್ಲೇಸಾಬನ ಹೆಗಲು ಹೋಗುತ್ತಿರಲಿಲ್ಲ. ಅವಳದು ಹೋಗುತ್ತಿತ್ತು.

ಅದು ತಿಳಿದ ಕೂಡಲೇ ಓಡಿ ಹೋಗಬೇಕೆನಿಸಿತು. ನಿಜವಾಗಿಯೂ ಎದ್ದು ಒಂದು ಹೆಜ್ಜೆ ಹಿಂದಕ್ಕೆ ಹಾಕಿದಳು. ಆಮೇಲೆ ಸೆರಗನ್ನು ನಡುವಿಗೆ ಬಿಗಿದು ನೆಲಕ್ಕೆ ಬಿದ್ದಳು. "ನನ್ನ ಕಾಲು ಹಿಡೀರಿ. ಬಿಟ್ಟೀರಿ ಮತ್ತ. ನಾ ಒದ್ದ ಕೂಡ್ಲೇ ಎಳೀರಿ."

ಉಸಿರು ತುಂಬಿಕೊಂಡು ಕಣ್ಣು ಮುಚ್ಚಿದಳು. ತಲೆ ಹೋಯಿತು, ಹೆಗಲು ಹೋದವು. ಕಲ್ಲಿನ ಅಂಚು ಪಕ್ಕೆಲುಬಿಗೆ ಒತ್ತಿತು. ಮುಖಕ್ಕೆ ಬೆಚ್ಚನೆಯ ಕತ್ತಲು. ಎದೆಯೊಳಗೆ ಯಾರೋ ಬಾಗಿಲು ಬಡಿದಂತೆ ಗುಂಡಿಗೆ ಬಡಿಯುತ್ತಿತ್ತು, ಉಸಿರು ಎಳೆ, ಉಸಿರು ಎಳೆ ಎಂದು. ಕೈ ತಡಕಾಡಿತು. ಟೋಪಿಯಿಲ್ಲದ ತಲೆ, ಒದ್ದೆ ಕುತ್ತಿಗೆ, ಹೆಗಲು, ಮೊಣಕೈ. ಮೊಣಕೈಯನ್ನು ಮಡಿಸಿ ಒಳಗೆ ದೂಡಿದಳು. ಬರಲಿಲ್ಲ. ಇನ್ನೊಮ್ಮೆ ದೂಡಿದಳು. ಎಲ್ಲ ಬಿಟ್ಟು ಕಿರುಚಬೇಕೆನಿಸಿತು, ಆದರೆ ಕಿರುಚಿದರೆ ಆ ಕೆಟ್ಟ ಗಾಳಿ ಒಳಗೆ ಹೋಗುತ್ತದೆ. ತೋಳು ಜಾರಿತು. ಒದ್ದಳು.

ಹೊರಗೆ ಬಿಸಿಲಲ್ಲಿ ಅಂಗಾತ ಬಿದ್ದು ಅವಳು ಗಾಳಿ ನುಂಗುತ್ತಿದ್ದಾಗ, ಪಕ್ಕದಲ್ಲಿ ಮಾಸ್ತರರನ್ನು ಎಳೆದು ಹಾಕಿದರು. ಮುಖ ನೀಲಿಗಟ್ಟಿತ್ತು. ಲಾಡ್ಲೇಸಾಬ ಎದೆ ಒತ್ತಿದ, ಬಾಯಿಗೆ ಬಾಯಿಟ್ಟು ಊದಿದ, ಅತ್ತ, ಮತ್ತೆ ಊದಿದ. ಕೊನೆಗೆ ಗಂಟಲಿನಿಂದ ಗೊರ್ ಎಂಬ ಸದ್ದು ಬಂತು. ಆ ಸದ್ದು ಕೇಳಿದ ಮೇಲೆ ಶೇಖಮ್ಮ ಕೈಯೂರಿ ಬೇವಿನ ಬುಡಕ್ಕೆ ಹೋಗಿ ವಾಂತಿ ಮಾಡಿಕೊಂಡಳು.

ಅಮರಪ್ಪನವರು ಆಸ್ಪತ್ರೆಯಿಂದ ಬದುಕಿ ಬಂದರು. ಮಾತು ಕೆಲವು ದಿನ ತೊದಲುತ್ತಿತ್ತು. ಆದರೆ ಹಟ ತೊದಲಲಿಲ್ಲ. ಮನೆಗೆ ನೋಡಲು ಹೋದ ಶೇಖಮ್ಮನಿಗೂ ಚಂದ್ರಾಮಪ್ಪನವರಿಗೂ ಚಹಾ ಕೊಡಿಸಿ, "ಒಂದು ಫ್ಯಾನ್ ಹಾಕಸೋಣ. ಗಾಳಿ ಒಳಗ ದೂಡ್ತದ. ಮೆಟ್ಟಲ ಬಿಡೂದು ಬ್ಯಾಡ," ಎಂದರು.

ಚಂದ್ರಾಮಪ್ಪನವರು ಅವಳತ್ತ ನೋಡಿದರು. ಅವಳು ಬಸಿಯನ್ನು ಕೆಳಗಿಟ್ಟಳು.

"ಮೆಟ್ಟಲ ನಾ ಬರಿಯಾಂಗಿಲ್ರಿ ಮಾಸ್ತರ್ರ."

"ಯಾಕವ್ವಾ?"

ಅವಳು ಹೇಳಿದಳು. ಅಪ್ಪನ ಮಾತು ಎಲ್ಲಿ ನಿಂತಿತೋ ಅದನ್ನು, ನಡುವಿಗೆ ಬಿದ್ದ ಹಗ್ಗವನ್ನು, ಪಾದಗಳಿಗೆ ಬೆಚ್ಚಗೆ ತಾಗಿದ್ದನ್ನು. ಹೇಳುವಾಗ ಎರಡು ಕಡೆ ನಿಲ್ಲಿಸಿ ನೀರು ಕುಡಿದಳು. "ಕರೆಂಟ್ ಹೋದ ದಿನ ಆ ಫ್ಯಾನ್ ಏನ್ ಮಾಡ್ತದ್ರಿ? ಅವತ್ತ ಒಂದು ಕೂಸು ಒಳಗ ಇದ್ರ? ನನ್ನ ಕೈಲಿ ಆಗಾಂಗಿಲ್ಲ. ಬೇರೆಯವರ ಕಡಿಂದ ಬರಸ್ರಿ, ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ಬರಸಬ್ಯಾಡ್ರಿ ಅಂತ ಕೈ ಮುಗದು ಕೇಳ್ತೀನಿ."

ಮಾಸ್ತರರು ತೋಳಿನ ಗಾಯದ ಮೇಲಿನ ಪಟ್ಟಿಯನ್ನು ಸವರಿಕೊಂಡರು. "ಅಷ್ಟು ಅಂಜಿಕಿ ಇದ್ದಾಕಿ ಒಳಗ ಹ್ಯಾಂಗ ಬಗ್ಗಿದಿ ತಂಗಿ?"

"ಗೊತ್ತಿಲ್ರಿ. ಇವತ್ತೂ ನಾ ಅಂಗಳದಾಗ ಮಲಗ್ತೀನಿ."

ಹಗೇವಿನ ಬಾಯಿಗೆ ಕಬ್ಬಿಣದ ಗಟ್ಟಿ ಜಾಳಿಗೆ ಬಿತ್ತು. ಸುತ್ತ ಕಟ್ಟೆ ಬಂತು. ಮೇಲೆ ನಿಂತು ಬಗ್ಗಿ ನೋಡಬಹುದು, ಇಳಿಯುವಂತಿಲ್ಲ. ಅದರ ಪಕ್ಕದಲ್ಲಿ, ನೆಲದ ಮೇಲೆ, ಒಳಗಿನ ಅಳತೆಯಷ್ಟೇ ದೊಡ್ಡದಾಗಿ ಇನ್ನೊಂದು ಹಗೇವನ್ನು ಶೇಖಮ್ಮ ಬರೆದಳು. ಮಾವಿನಕಾಯಿ ಹೋಳು ಮಾಡಿದಂತೆ ಒಂದು ಪಕ್ಕ ಪೂರ್ತಿ ಕತ್ತರಿಸಿ ತೆರೆದದ್ದು. ಲಾಡ್ಲೇಸಾಬ ಅದನ್ನು ಮಣ್ಣು, ಸುಣ್ಣದಲ್ಲಿ ಕಟ್ಟಿ, ಒಳಗೆ ಕಣಿಕೆ ಒತ್ತಿದ. ಪಡಸಾಲೆಯಿಂದ ಮಕ್ಕಳು ನೇರ ಅದರ ಹೊಟ್ಟೆಯೊಳಗೆ ನಡೆದು ಹೋಗಿ, ತಲೆಯೆತ್ತಿ ಸಣ್ಣ ಬಾಯಿಯಲ್ಲಿ ಆಕಾಶ ನೋಡಬಹುದಿತ್ತು. ಅಮರಪ್ಪನವರು ಮೊದಲು ಮುಖ ಗಂಟಿಕ್ಕಿದರು, ಇದು ನಕಲಿ ಎಂದರು. ಮಕ್ಕಳು ಅದರೊಳಗೆ 'ಹೋ' ಎಂದು ಕೂಗಿ ತಮ್ಮ ದನಿ ಕೇಳುವುದನ್ನು ನೋಡಿದ ಮೇಲೆ ಆ ಮಾತು ಬಿಟ್ಟರು.

ಕೇಂದ್ರ ತೆರೆದ ಕೆಲವು ದಿನಗಳ ನಂತರ ಶೇಖಮ್ಮ ತಾಯಿಯನ್ನು ಕರೆದುಕೊಂಡು ಬಂದಳು. ಸುಂದ್ರಮ್ಮ ಪಡಸಾಲೆ ನೋಡಿದಳು, ನಲ್ಲಿ ತಿರುಗಿಸಿ ನೀರು ಕುಡಿದಳು, ಹಂಡೆ ನೇಗಿಲು ನೋಡಿದಳು. ಆಮೇಲೆ ಅರ್ಧ ಕತ್ತರಿಸಿದ ಹಗೇವಿನ ಮುಂದೆ ನಿಂತಳು. ಅದರೊಳಗೆ ಹೋಗಿ ಗೋಡೆಯನ್ನು ಅಂಗೈಯಿಂದ ಸವರುತ್ತ ಒಂದು ಸುತ್ತು ಬಂದಳು.

"ಇಷ್ಟು ದೊಡ್ಡದಿರತದೇನು ಒಳಗ? ನಾ ಬರೂದ್ರಾಗ ಮುಚ್ಚಿಬಿಟ್ಟಿದ್ರು. ಯಾವತ್ತೂ ನೋಡಿರಲಿಲ್ಲ."

ಶೇಖಮ್ಮ ಹೊರಗೆ ನಿಂತಿದ್ದಳು. ಲಾಡ್ಲೇಸಾಬ ಅದರ ಮೇಲ್ಭಾಗ ಕಟ್ಟಿ ಮುಚ್ಚಿದ ದಿನದಿಂದ ಅವಳು ಅದರೊಳಗೆ ಕಾಲಿಟ್ಟಿರಲಿಲ್ಲ.

"ಅವರು ಎಲ್ಲಿ ಬಿದ್ದಿದ್ರೋ," ಎನ್ನುತ್ತ ಸುಂದ್ರಮ್ಮ ತಳದಲ್ಲಿ ಕೂತಳು. ಕಣಿಕೆಯ ಒಂದು ಎಳೆ ಕಿತ್ತು ಮೂಸಿ ನೋಡಿದಳು. ಶಾಲೆಯ ಮಕ್ಕಳು ಬಂದು, ಮುದುಕಿ ಕೂತದ್ದನ್ನು ಕಂಡು, ಸ್ವಲ್ಪ ಹೊತ್ತು ನಿಂತು ಹೊರಟುಹೋದರು.

"ಬಾ," ಅಂದಳು ಸುಂದ್ರಮ್ಮ ಮಗಳತ್ತ ನೋಡಿ. "ಗಾಳಿ ಅದ ಇಲ್ಲಿ."

ಶೇಖಮ್ಮ ಹೋದಳು. ತಾಯಿಯ ಪಕ್ಕ, ತೆರೆದ ಕಡೆಗೆ ಮುಖ ಮಾಡಿ ಕೂತಳು. ತಾಯಿ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ಕೂಡಲು ಆದಷ್ಟು ಹೊತ್ತು ಕೂತು, ಅವಳೇ ಮೊದಲು ಎದ್ದು ಹೊರಗೆ ಬಂದಳು. ಸುಂದ್ರಮ್ಮ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದಳು.